ಅಲ್ರಿಕನ ಹಿಮ್ಮಡಿ

ಮೈದಾನದ ಗೋಡೆಯ ಮೇಲೆ ಆ ಗೋಲಿನ ಚಿತ್ರ ಬರೆಯಲು ಬಂದ ವರ್ಲಿನ್ ಟೀಚರ್ ಕೇಳಿದ ಪ್ರಶ್ನೆಗೆ ಕೆಲ್ಸನ್ ಮೊಡೆಸ್ಟ್‌ನ ಬಳಿ ಉತ್ತರವಿತ್ತು, ಹೇಳುವ ಧೈರ್ಯವಿರಲಿಲ್ಲ.

"ನೀನು ಇಲ್ಲಿಂದ ಒದ್ದೆ, ಸರಿ. ಅಲ್ರಿಕ್ ಎಲ್ಲಿ ನಿಂತಿದ್ದ?"

"ನೆನಪಿಲ್ಲ ಟೀಚರ್."

"ಇಡೀ ಗ್ವಾವ್ ಊರಿಗೆ ನೆನಪಿರೋದು ನಿನಗೊಬ್ಬನಿಗೇ ಇಲ್ವಾ? ಹೋಗು, ಅವನನ್ನೇ ಕೇಳ್ಕೊಂಡು ಬಾ. ಶನಿವಾರದ ಹೊತ್ತಿಗೆ ಬಣ್ಣ ಒಣಗಬೇಕು."

ಶನಿವಾರ ಊರಿನವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಗ್ರೆನಡಾ ದೇಶದ ಫುಟ್‌ಬಾಲ್ ತಂಡಕ್ಕೆ ಹನ್ನೊಂದು ವರ್ಷ ಫಾರ್ವರ್ಡ್ ಆಗಿ ಆಡಿ, ಇಪ್ಪತ್ತಾರು ಗೋಲು ಹೊಡೆದವನು ಅವನು. ಆದರೆ ಜನ ಮಾತಾಡುತ್ತಿದ್ದುದು ಒಂದೇ ಗೋಲಿನ ಬಗ್ಗೆ. ಹದಿನಾಲ್ಕು ವರ್ಷದ ಹಿಂದೆ, ಜಮೈಕಾದ ವಿರುದ್ಧ, ಆಟ ಮುಗಿಯಲು ನಾಲ್ಕು ನಿಮಿಷ ಇದ್ದಾಗ ದೂರದಿಂದ ಒದ್ದ ಚೆಂಡು ಗೋಲ್‌ಕೀಪರ್‌ನನ್ನು ಬಲಕ್ಕೆ ಹಾರಿಸಿ ತಾನು ಎಡಕ್ಕೆ ನುಗ್ಗಿತ್ತು. ಆ ಗೋಲಿನ ವಿಡಿಯೊ ನೋಡಿಯೇ ಟ್ರಿನಿಡಾಡಿನ ಕ್ಲಬ್ ಅವನನ್ನು ಕರೆಸಿಕೊಂಡಿತು. ಅಲ್ಲಿ ಮೂರು ವರ್ಷ. ಆಮೇಲೆ ಫಿನ್ಲೆಂಡಿನಲ್ಲಿ ಆರು. ಹಿಮ ಸರಿಸಿದ ಮೈದಾನದಲ್ಲಿ, ಬೆರಳು ಮರಗಟ್ಟಿ ಲೇಸು ಕಟ್ಟಲಾಗದೆ, ಹಲ್ಲಿನಿಂದ ಎಳೆದು ಬಿಗಿದುಕೊಂಡು ಆಡಿದ. ಕೊನೆಗೆ ಮಂಡಿ ಕೈಕೊಟ್ಟಿತು. ಊರಿಗೆ ಬಂದು ಐದು ವರ್ಷ. ಬೆಳಿಗ್ಗೆ ಜಾಯಿಕಾಯಿ ಒಣಗಿಸುವ ಕೇಂದ್ರದಲ್ಲಿ ಕೆಲಸ, ಸಂಜೆ ಹುಡುಗಿಯರ ತಂಡಕ್ಕೆ ತರಬೇತಿ.

ಆ ಚೆಂಡು ಎಡಕ್ಕೆ ಹೋದದ್ದು ಏಕೆಂದು ಕೆಲ್ಸನ್‌ಗೆ ಗೊತ್ತಿತ್ತು. ಅದು ತನ್ನದೇ ತಂಡದ ಗೆಳೆಯ ಅಲ್ರಿಕನ ಹಿಮ್ಮಡಿಗೆ ಸವರಿಕೊಂಡು ದಿಕ್ಕು ಬದಲಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಕೊನೆಯ ಸಲ ಮುಟ್ಟಿದವನು ಅಲ್ರಿಕ್, ಗೋಲು ಅವನದು. ಆದರೆ ಅಲ್ರಿಕ್ ಎರಡೂ ಕೈ ಮೇಲೆತ್ತಿ ಸುಮ್ಮನೆ ನಿಂತುಬಿಟ್ಟ. ಕೆಲ್ಸನ್ ಅಂಗಿ ಕಳಚಿ ಓಡಿದ. ಮರುವರ್ಷ ಅಲ್ರಿಕ್ ತಂಡ ಬಿಟ್ಟು ಅಪ್ಪನ ದೋಣಿ ಹತ್ತಿದ. ಗೆಳೆಯನ ಬದುಕನ್ನೇ ಎತ್ತಿಕೊಂಡು ಹೋದೆನೆಂಬ ಕೊರಗು ಕೆಲ್ಸನ್‌ನನ್ನು ಫಿನ್ಲೆಂಡಿನವರೆಗೂ ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ದೋಣಿ ಕಂಡರೆ ಬೇರೆ ಬೀದಿ ಹಿಡಿಯುತ್ತಿದ್ದ.

ದಡದಲ್ಲಿ ಅಲ್ರಿಕ್ ಒಂದು ದೊಡ್ಡ ಟ್ಯೂನಾ ಮೀನು ಕೊಯ್ಯುತ್ತಿದ್ದ. ತಲೆ ಎತ್ತದೆಯೇ ಮಾತಾಡಿಸಿದ.

"ದಾರಿ ತಪ್ಪಿ ಬಂದ್ಯೇನೋ? ಐದು ವರ್ಷ ಆಯ್ತು, ಈ ಕಡೆ ಕಾಲಿಡೋಕೆ."

"ಟೀಚರ್ ಕಳಿಸಿದ್ರು. ಆವತ್ತು ನೀನು ಎಲ್ಲಿ ನಿಂತಿದ್ದೆ ಅಂತ..." ಕೆಲ್ಸನ್ ಒಂದು ಹೆಜ್ಜೆ ಹತ್ತಿರ ಬಂದ. "ಅಲ್ರಿಕ್, ಆ ಗೋಲು ನಿಂದು. ನಾನು ನೋಡಿದೆ. ಶನಿವಾರ ಎಲ್ಲರ ಮುಂದೆ ಹೇಳ್ಬಿಡ್ತೀನಿ."

ಚೂರಿ ನಿಂತಿತು.

"ಹುಚ್ಚ, ಬಾಯಿ ಮುಚ್ಚು. ನಾನು ಆಫ್‌ಸೈಡಲ್ಲಿದ್ದೆ."

"ಏನು?"

"ಎರಡು ಹೆಜ್ಜೆ. ಅವರ ಕೊನೇ ಡಿಫೆಂಡರ್‌ನ ದಾಟಿ ಎರಡು ಹೆಜ್ಜೆ ಮುಂದಿದ್ದೆ ಕಣೋ. ನಾನು ಮುಟ್ಟಿದ್ದು ರೆಫರಿಗೆ ಗೊತ್ತಾಗಿದ್ರೆ ಗೋಲೇ ಇರ್ತಿರಲಿಲ್ಲ. ನಾನ್ಯಾಕೆ ಕೈ ಎತ್ತಿದೆ ಅನ್ಕೊಂಡೆ? ಮುಟ್ಟಿಲ್ಲ ಅಂತ ತೋರಿಸೋಕೆ."

ಕೆಲ್ಸನ್ ಅಲ್ಲೇ ಮಗುಚಿಟ್ಟಿದ್ದ ಬುಟ್ಟಿಯ ಮೇಲೆ ಕೂತ. ಇಷ್ಟು ವರ್ಷ ತಾನು ಕದ್ದದ್ದು ಗೆಳೆಯನ ಗೋಲು ಎಂದುಕೊಂಡಿದ್ದ. ಈಗ ನೋಡಿದರೆ ಅದು ಯಾರ ಗೋಲೂ ಆಗಿರಲಿಲ್ಲ.

"ನನ್ನ ಮೇಲೆ ಹೊಟ್ಟೆಕಿಚ್ಚು ಇರ್ಲಿಲ್ವಾ?"

"ಇತ್ತು. ಒಂಬತ್ತು ವರ್ಷ ಇತ್ತು." ಅಲ್ರಿಕ್ ಚೂರಿಯನ್ನು ಸಮುದ್ರದ ನೀರಿನಲ್ಲಿ ತೊಳೆದ. "ನೀನು ಕುಂಟ್ಕೊಂಡು ವಿಮಾನ ಇಳಿದೆ ಅಂತ ಕೇಳಿದಾಗ ಒಂದು ಗಳಿಗೆ ಖುಷಿ ಆಯ್ತು. ಆಮೇಲೆ ನನಗೇ ಅಸಹ್ಯ ಆಯ್ತು. ಅದಕ್ಕೇ ನಿನ್ನ ನೋಡೋಕೆ ಬರ್ಲಿಲ್ಲ. ನೀನೊಬ್ಬನೇ ತಪ್ಪಿಸ್ಕೊಂಡು ಓಡಾಡ್ತಿದ್ದೆ ಅನ್ಕೋಬೇಡ."

ಕೆಲ್ಸನ್ ಎದ್ದು ಬಂದು ಮೀನಿನ ಬಾಲ ಹಿಡಿದುಕೊಟ್ಟ.

"ಹಾಗಾದ್ರೆ ಟೀಚರ್‌ಗೆ ಏನು ಹೇಳ್ಲಿ?"

"ನನ್ನನ್ನ ಎರಡು ಹೆಜ್ಜೆ ಹಿಂದೆ ಬರೀರಿ ಅನ್ನು. ಹೊಟ್ಟೆನೂ ಸ್ವಲ್ಪ ಒಳಗೆ ಎಳೀಲಿ."

ಶನಿವಾರ ಮೈದಾನದಲ್ಲಿ ಜೀಗುಜ್ಜೆ, ಉಪ್ಪುಮಾಂಸ ಹಾಕಿ ತೆಂಗಿನ ಹಾಲಿನಲ್ಲಿ ಬೇಯಿಸಿದ ಊಟದ ಹಂಡೆಗಳು ಸಾಲಾಗಿ ಕೂತಿದ್ದವು. ಮೈಕಿನ ಮುಂದೆ ನಿಂತಾಗ ಕೆಲ್ಸನ್ ಮುಂದಿನ ಸಾಲು ನೋಡಿದ. ಆವತ್ತು ತಮ್ಮ ತಂಡದ ಗೋಲು ಕಾದವನು, ಈಗ ತಲೆ ನರೆತು, ಅಲ್ಲಿದ್ದ. ತೀರಿಹೋದ ಕೋಚ್‌ನ ಹೆಂಡತಿ, ಗಂಡನ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಂದಿದ್ದಳು. ಸತ್ಯ ಹೇಳಿದರೆ ತನ್ನ ಎದೆ ಹಗುರಾಗುತ್ತಿತ್ತು. ಆದರೆ ಆ ಗೆಲುವು ಇವರೆಲ್ಲರ ಕೈಯಿಂದ ಜಾರುತ್ತಿತ್ತು. ಅಷ್ಟು ಅಗ್ಗವಾಗಿ ಹಗುರಾಗುವುದು ಅವನಿಗೆ ಬೇಡವಾಯಿತು.

"ಆ ಗೋಲು ನಾನೊಬ್ಬನೇ ಹೊಡೆದದ್ದಲ್ಲ," ಎಂದ. "ಅಲ್ರಿಕ್ ಅಲ್ಲಿ ನಿಂತಿರದಿದ್ರೆ ಚೆಂಡು ಒಳಗೆ ಹೋಗ್ತಿರಲಿಲ್ಲ."

ಜನ ಅದನ್ನು ವಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿದ್ದ ಅಲ್ರಿಕ್ ತಲೆ ತಗ್ಗಿಸಿ ಕೂತಿದ್ದ. ಅಳುತ್ತಿದ್ದಾನೋ ನಗುತ್ತಿದ್ದಾನೋ ಕೆಲ್ಸನ್‌ಗೆ ತಿಳಿಯಲಿಲ್ಲ. ಕೋಚ್‌ನ ಹೆಂಡತಿ ಮಾತ್ರ, ಊಟದ ಹೊತ್ತಿನಲ್ಲಿ ಹತ್ತಿರ ಬಂದು ಅವನ ತೋಳು ಹಿಡಿದಳು.

"ಆಟ ಮುಗಿಸಿ ಮನೆಗೆ ಬಂದ ರಾತ್ರೀನೇ ನಮ್ಮೆಜಮಾನ್ರು ಹೇಳಿದ್ರು ಮಗಾ. ಲೈನ್ಸ್‌ಮನ್ ಕಣ್ಣಿಗೆ ಬಿಸಿಲು ಹೊಡೀತಿತ್ತಂತೆ, ಆ ಎರಡು ಹೆಜ್ಜೆ ಕಾಣ್ಲಿಲ್ವಂತೆ," ಎಂದು ತಟ್ಟೆ ಹಿಡಿದು ಹಂಡೆಯ ಕಡೆ ನಡೆದಳು.

ಮುಂದಿನ ಮಂಗಳವಾರ ಸಂಜೆ ಅಲ್ರಿಕ್ ಮೈದಾನಕ್ಕೆ ಬಂದ. ಮೀನಿನ ವಾಸನೆಗೆ ಹುಡುಗಿಯರು ಮೂಗು ಮುಚ್ಚಿಕೊಂಡು ಕಿಸಿಕಿಸಿ ನಕ್ಕರು. ಅವನು ಚಪ್ಪಲಿ ಬಿಟ್ಟು, ಡಿಫೆಂಡರ್‌ಗಳ ಪಕ್ಕ ಯಾವಾಗ ಹೇಗೆ ನಿಲ್ಲಬೇಕೆಂದು ತೋರಿಸಲು ಶುರುಮಾಡಿದ. ಕೆಲ್ಸನ್ ಮಂಡಿ ನೀವಿಕೊಳ್ಳುತ್ತ ಅವರಿಗೆ ಚೆಂಡು ಒದ್ದು ಕೊಡುತ್ತಿದ್ದ.