ಲಕ್ಕಮ್ಮನ ಕೂಗು

ಶ್ರೀಹರಿಯವರಿಗೆ ಕಾಡಿನ ಹುಚ್ಚು. ಶಂಕರಪುರಂನ ಅವರ ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಚಿರತೆಯ ಫೋಟೋ ಬರುತ್ತಿತ್ತು. ಅವರ ಜೊತೆ ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ವಾಕ್ ಮಾಡುವ ಅನಿಲ್ ಕುಮಾರ್‌ಗೆ ಹನುಮಂತನಗರದಲ್ಲಿ ಸೈಟು ಮಾರುವ ವ್ಯವಹಾರ. ಗೆಳೆಯನ ಮಾತು ಕೇಳಿ ಕೇಳಿ, ಹುಲಿ ನೋಡದಿದ್ದರೆ ತನ್ನಲ್ಲಿ ಏನೋ ಕಡಿಮೆ ಅಂತ ಅವನಿಗೂ ಅನ್ನಿಸತೊಡಗಿತು. ಡಿಸೆಂಬರಿನಲ್ಲಿ ನಾಗರಹೊಳೆಗೆ ಹೋಗುವುದೆಂದು ತೀರ್ಮಾನವಾಯಿತು. ಅನಿಲ್‌ನ ಹೆಂಡತಿ ನಂದಿತಾಳೂ ಹೊರಟಳು. ಅವನ ಅಮ್ಮ ಲಕ್ಕಮ್ಮನವರೊಬ್ಬರನ್ನೇ ಮನೆಯಲ್ಲಿ ಬಿಡುವುದು ಹೇಗೆಂದು ಅವರನ್ನೂ ಕಾರಿಗೆ ಹತ್ತಿಸಿದರು.

ದಾರಿಯುದ್ದಕ್ಕೂ ಶ್ರೀಹರಿ ನಿಯಮ ಹೇಳಿದರು. ಕೆಂಪು ಬಟ್ಟೆ ಕೂಡದು, ಸೆಂಟು ಕೂಡದು, ಎಲ್ಲಕ್ಕಿಂತ ಮುಖ್ಯವಾಗಿ ಮಾತು ಕೂಡದು. ಬಾಯಿ ಮುಚ್ಚಿಕೊಂಡು ಕೂತವನಿಗೆ ಮಾತ್ರ ಕಾಡು ತನ್ನ ಬಾಗಿಲು ತೆರೆಯುತ್ತದೆ ಎಂದು ಮೈಸೂರು ದಾಟುವವರೆಗೂ ಮಾತಾಡಿದರು. ಲಕ್ಕಮ್ಮ ಎಲ್ಲಕ್ಕೂ ಹೂಂಗುಟ್ಟಿದರು. ಅವರು ಹುಟ್ಟಿದ್ದು ಅದೇ ಕಾಡಿನ ಅಂಚಿನ ಊರಿನಲ್ಲಿ. ಮದುವೆಯಾಗಿ ಬೆಂಗಳೂರಿನ ತರಗುಪೇಟೆಯ ರಾಗಿ ಮಂಡಿಯವರ ಮನೆಗೆ ಸೊಸೆಯಾಗಿ ಬರುವ ಮೊದಲು ಹೊಲದ ಅಟ್ಟಣೆಯ ಮೇಲೆ ಕೂತು, ಬೆಳೆಗೆ ನುಗ್ಗುವ ಹಂದಿಗಳನ್ನು ಕೂಗಿ ಓಡಿಸುವುದೇ ಅವರ ಕೆಲಸವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸಫಾರಿ ಜೀಪು ಕಾಡಿಗಿಳಿದಾಗ ಮಂಜು ಮರದ ಕೊಂಬೆಗಳವರೆಗೂ ಇಳಿದಿತ್ತು. ಡ್ರೈವರ್ ಈಶ್ವರ್ ಒಂದು ತಿರುವಿನಲ್ಲಿ ಎಂಜಿನ್ ಆಫ್ ಮಾಡಿದ. ಜಿಂಕೆಯೊಂದು ಕೀರಲು ದನಿಯಲ್ಲಿ ಕೂಗುತ್ತಿತ್ತು. ಪಕ್ಕದ ಲಂಟಾನ ಪೊದೆಯೊಳಗೆ ಹುಲಿಯಿದೆ ಎಂದು ಶ್ರೀಹರಿ ಕೈಸನ್ನೆ ಮಾಡಿದರು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. ಸಮಯ ಕಳೆಯಿತು, ಪೊದೆ ಅಲುಗಲಿಲ್ಲ. ಅನಿಲ್‌ನ ಕಾಲು ಜೋಮು ಹಿಡಿಯಿತು. ಶಾಲು ಹೊದ್ದು ಕೂತಿದ್ದ ಲಕ್ಕಮ್ಮ ತೂಕಡಿಸಿದರು.

ಅಷ್ಟರಲ್ಲಿ ರಸ್ತೆಯ ಇನ್ನೊಂದು ಬದಿಯ ಬಯಲಿಗೆ ಹಂದಿಗಳ ಹಿಂಡೊಂದು ಬಂದು ನೆಲ ಕೆದಕತೊಡಗಿತು. ಆ ಸದ್ದಿಗೆ ಲಕ್ಕಮ್ಮ ಕಣ್ಣು ಬಿಟ್ಟರು. ಯಾರಿಗೂ ಏನೂ ತಿಳಿಯುವ ಮೊದಲೇ ಎದ್ದು ನಿಂತು, ಬಾಯಿಗೆ ಎರಡೂ ಕೈ ಗುಂಡಗೆ ಹಿಡಿದು, "ಹೋ... ಹೋಯ್... ಹೋಓಓ" ಎಂದು ಕೂಗಿದರು. ಜೊತೆಗೆ ಜೀಪಿನ ತಗಡನ್ನೂ ಬಡಿದರು. ಹನುಮಂತನಗರದಲ್ಲಿ ತರಕಾರಿ ಗಾಡಿಯವನನ್ನು ಕರೆಯಲೂ ದನಿ ಏರಿಸದ ಹೆಂಗಸು. ಮಗ ಆ ಕೂಗನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಹಂದಿಗಳು ದಿಕ್ಕಾಪಾಲಾಗಿ ಓಡಿದವು. ಶ್ರೀಹರಿ ಕ್ಯಾಮೆರಾ ಬಿಟ್ಟು ಲಕ್ಕಮ್ಮನ ಶಾಲು ಹಿಡಿದೆಳೆದರು. ಅದೇ ಗಳಿಗೆಯಲ್ಲಿ ಪೊದೆಯಿಂದ ಹುಲಿ ಎದ್ದು ಬಂತು. ಜೀಪಿನ ಮುಂದೆಯೇ ನಿಂತು, ಇವರನ್ನೆಲ್ಲ ಬೇಸರದಿಂದ ಒಮ್ಮೆ ನೋಡಿ, ರಸ್ತೆ ದಾಟಿ ಹೋಯಿತು. ಶ್ರೀಹರಿ ಕ್ಯಾಮೆರಾ ಎತ್ತುವಷ್ಟರಲ್ಲಿ ಕಾಣಲು ಬಾಲವೂ ಹಿಂಗಾಲುಗಳೂ ಮಾತ್ರ ಉಳಿದಿದ್ದವು. ಲಕ್ಕಮ್ಮ ಆಗಲೂ ಬಯಲ ಕಡೆಗೇ ತಿರುಗಿ, ಹಂದಿಗಳು ವಾಪಸ್ ಬರುತ್ತವೋ ಎಂದು ನೋಡುತ್ತಿದ್ದರು.

ಎಲ್ಲರಿಗಿಂತ ಹೆಚ್ಚು ನಡುಗಿದ್ದು ಈಶ್ವರ್. ಗಾಡಿಯಲ್ಲಿ ಗಲಾಟೆಯಾಯಿತು ಅಂತ ಗೊತ್ತಾದರೆ ತನ್ನನ್ನು ಕೆಲಸದಿಂದ ತೆಗೆಯುತ್ತಾರೆ, ದಯವಿಟ್ಟು ಎಲ್ಲೂ ಹೇಳಬೇಡಿ ಎಂದು ಕೈಮುಗಿದ. ಎಲ್ಲರೂ ಒಪ್ಪಿದರು. ಶ್ರೀಹರಿ ಎಲ್ಲರಿಗಿಂತ ಬೇಗ ಒಪ್ಪಿದರು.

ಮಾತಿಗೆ ಅವರು ತಪ್ಪಲೂ ಇಲ್ಲ. ಪಾರ್ಕಿನಲ್ಲಿ ಹುಲಿಯ ಕಥೆ ಹರಡಿತು. ಅದರಲ್ಲಿ ಜಿಂಕೆಯ ಕರೆಯಿತ್ತು, ಶ್ರೀಹರಿಯ ತಾಳ್ಮೆಯಿತ್ತು, ಕೂಗು ಮಾತ್ರ ಇರಲಿಲ್ಲ. ಸಂಕ್ರಾಂತಿ ಕಳೆದ ಭಾನುವಾರ ಅವರು ಗೆಳೆಯರನ್ನೆಲ್ಲ ಕುಟುಂಬ ಸಮೇತ ಮನೆಗೆ ಕರೆದು ಟೀವಿಯಲ್ಲಿ ಫೋಟೋ ತೋರಿಸಿದರು. ಹುಲಿಯ ಹಿಂಭಾಗ ಪರದೆ ತುಂಬ ನಿಂತಿತು. ನಾವು ಕಲ್ಲಿನ ಹಾಗೆ ಕೂತಿದ್ದಕ್ಕೇ ಅದು ಇಷ್ಟು ಹತ್ತಿರ ಬಂತು ಎಂದು ವಿವರಿಸಿದರು. ಅನಿಲ್ ಕೋಡುಬಳೆ ಮುರಿಯುತ್ತ ತಲೆಯಾಡಿಸಿದ.

ಯಾರೋ ಲಕ್ಕಮ್ಮನಿಗೆ ಹುಲಿ ನೋಡಿ ಭಯವಾಯಿತಾ ಎಂದು ಕೇಳಿದರು.

"ನಾನು ಹುಲಿ ನೋಡ್ಲಿಲ್ಲ. ಹಂದಿ ನೋಡ್ದೆ," ಎಂದರು ಲಕ್ಕಮ್ಮ.

ಎಲ್ಲರೂ ಪ್ರೀತಿಯಿಂದ ನಕ್ಕರು. ಕಾಡು ನೋಡಲು ಕಣ್ಣು ಪಳಗಬೇಕಾಗುತ್ತದೆ, ಅಜ್ಜಿಯದೇನೂ ತಪ್ಪಿಲ್ಲ ಎಂದು ಶ್ರೀಹರಿ ಸಮಾಧಾನ ಹೇಳಿದರು. ನಂದಿತಾಳ ಮುಖ ಬಿಸಿಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅವಳ ಮೊಣಕೈ ಒತ್ತಿದರು.

ಅನಿಲ್ ಹರಟುತ್ತ ಅಲ್ಲೇ ಉಳಿದ. ಇಬ್ಬರೂ ಹೆಂಗಸರು ನಡೆದೇ ಮನೆಗೆ ಹೊರಟರು. ಬುಲ್ ಟೆಂಪಲ್ ರಸ್ತೆಗೆ ಬಂದ ಮೇಲೆ ನಂದಿತಾ ತಡೆಯಲಾರದೆ ಕೇಳಿದಳು:

"ಯಾಕತ್ತೆ ಸುಮ್ನಿದ್ರಿ? ನೀವು ಕೂಗ್ದೇ ಇದ್ದಿದ್ರೆ ಇವರ್ಯಾರಿಗೂ ಹುಲಿ ಕಾಣ್ತಿರ್ಲಿಲ್ಲ."

"ಆ ಡ್ರೈವರಪ್ಪಂಗೆ ಮಾತು ಕೊಟ್ಟಿದೀವಲ್ಲಮ್ಮ," ಎಂದರು ಲಕ್ಕಮ್ಮ. ಸ್ವಲ್ಪ ದೂರ ಹೋದ ಮೇಲೆ, "ಹೇಗಿತ್ತು ಅದು?" ಎಂದು ಮೆಲ್ಲಗೆ ಕೇಳಿದರು.

ನಂದಿತಾ ತನಗೆ ನೆನಪಿದ್ದಷ್ಟು ಹೇಳಿದಳು. ಮೈ ಮೇಲಿನ ಇಬ್ಬನಿ, ಅಗಲವಾದ ಪಾದ, ಆಗಷ್ಟೇ ಎದ್ದಂತೆ ಅರೆಮುಚ್ಚಿದ್ದ ಕಣ್ಣು. ಲಕ್ಕಮ್ಮ ನಿಂತು ಕೇಳಿಸಿಕೊಂಡರು.

"ಪಾಪ," ಎಂದರು. "ನಿದ್ದೆ ಕೆಡಿಸ್ಬಿಟ್ಟೆ."