ಜೆರುಸಲೇಮ್ ಯಾವ ಕಡೆ?

ಮೆಲ್ಬರ್ನಿನಿಂದ ದೂರದ ಕೂರಾಬಿನ್ ಊರಿನ ನಮ್ಮ ಯೆಹೂದಿ ಪ್ರಾರ್ಥನಾಮಂದಿರದ ಪೂರ್ವದ ಗೋಡೆಯಲ್ಲಿ ದೊಡ್ಡದೊಂದು ಖಾಲಿ ಗೂಡಿದೆ. ಧರ್ಮಗ್ರಂಥದ ಸುರುಳಿಗಳ ಕಪಾಟು ಇರುವುದು ಎದುರಿನ ಗೋಡೆಗೆ. ಹೀಗೇಕೆ ಎಂದು ಚಿಕ್ಕಂದಿನಿಂದ ಪೀಡಿಸುತ್ತಿದ್ದೆ. ಕೊನೆಗೊಂದು ಶುಕ್ರವಾರ, ಸಬ್ಬತ್ತಿನ ರೊಟ್ಟಿಗೆ ಹಿಟ್ಟು ನಾದುತ್ತ ಫ್ರೇಡಲ್ ಅತ್ತೆ ಬಾಯಿಬಿಟ್ಟಳು.

ಚಿನ್ನದ ಗಣಿಗಳ ಕಾಲದಲ್ಲಿ ಪೋಲೆಂಡಿನಿಂದ ಬಂದವರು ಕಟ್ಟಿದ ಮಂದಿರವಿದು. ಮುಂದೆ ನಿಂತು ಕಟ್ಟಿಸಿದವನು ಅತ್ತೆಯ ಅಪ್ಪ, ಅಂದರೆ ನನ್ನ ಅಜ್ಜ, ದರ್ಜಿ ಝೆಲ್ಮನ್. ಹುಟ್ಟೂರಿನಲ್ಲಿ ಜೆರುಸಲೇಮಿನತ್ತ ಎಂದು ಪೂರ್ವಕ್ಕೆ ಮುಖಮಾಡಿ ಪ್ರಾರ್ಥಿಸುತ್ತಿದ್ದರು. ಇಲ್ಲೂ ಕಪಾಟನ್ನು ಪೂರ್ವಕ್ಕೇ ಇಟ್ಟರು. ಕೆಲವು ವರ್ಷಗಳ ಮೇಲೆ, ಗಾಡಿಯಲ್ಲಿ ಬಟ್ಟೆ ಮಾರುವ ಹಿರ್ಶ್ ಈ ಊರಿಗೆ ಬಂದ. ಮಂದಿರಕ್ಕೆ ಕಾಲಿಟ್ಟವನೇ ನಕ್ಕುಬಿಟ್ಟ.

"ಸಮುದ್ರ ದಾಟಿ ಬಂದಿದೀವಿ ಕಣ್ರಯ್ಯಾ! ಜೆರುಸಲೇಮ್ ಈಗ ಪಶ್ಚಿಮಕ್ಕಿದೆ. ನೀವು ತಲೆ ಬಾಗಿಸ್ತಿರೋದು ನ್ಯೂಜಿಲೆಂಡಿನ ಕುರಿಗಳಿಗೆ."

"ನಮ್ಮಪ್ಪ ಪೂರ್ವಕ್ಕೆ ನಿಂತ, ಅವರಪ್ಪನೂ ನಿಂತ. ದಿಕ್ಕು ತೋರಿಸೋಕೆ ನೀನ್ಯಾವನಯ್ಯಾ?" ಎಂದ ಅಜ್ಜ.

ಹಿರ್ಶ್ ಸುರುಳಿಗಳಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ತಿರುಗಿ ನಿಂತ. ಕೂಗಾಟವಾಯಿತು. ಅಜ್ಜ ಬಾಗಿಲು ತೋರಿಸಿದ. ಅಂದಿನಿಂದ ಹಿರ್ಶ್ ಮನೆಯಲ್ಲೇ ಒಬ್ಬನೇ ಪ್ರಾರ್ಥಿಸತೊಡಗಿದ. ಆದರೆ ಅಜ್ಜನ ತಾಯಿ ಗಿಟ್ಲ್, ಹೆಂಡತಿ ಮಕ್ಕಳಿಲ್ಲದ ಅವನಿಗೆ ಶುಕ್ರವಾರದ ಕೋಳಿಸಾರು ಕಳಿಸುವುದನ್ನು ಬಿಡಲಿಲ್ಲ.

"ಜಗಳ ನಿಮ್ದು, ಹೊಟ್ಟೆ ಅವನ್ದು. ಸುಮ್ನಿರು," ಎಂದು ಮಗನ ಬಾಯಿ ಮುಚ್ಚಿಸಿದಳು.

ಅಷ್ಟರಲ್ಲಿ ಗಣಿಗಳು ಬರಿದಾಗಿ ಜನ ಮೆಲ್ಬರ್ನಿಗೆ ಹೊರಟರು. ಗಿಟ್ಲ್ ತೀರಿಕೊಂಡಾಗ, ಹಿರ್ಶನನ್ನು ಬಿಟ್ಟರೆ ಉಳಿದ ಗಂಡಸರು ಒಂಬತ್ತೇ ಮಂದಿ. ಹತ್ತು ಗಂಡಸರು ಕೂಡದೆ, ಸತ್ತ ತಾಯಿಗಾಗಿ ತಿಂಗಳುಗಟ್ಟಲೆ ದಿನವೂ ಹೇಳಬೇಕಾದ ಕದ್ದೀಶ್ ಪ್ರಾರ್ಥನೆಯನ್ನು ಮಗ ಹೇಳುವಂತಿಲ್ಲ. ಹಿರ್ಶನನ್ನು ಕರೆಯಲು ಅಜ್ಜನಿಗೆ ಬಾಯಿಲ್ಲ. ಪುಸ್ತಕ ತೆರೆದು ನಿಂತಿದ್ದ.

ಬಾಗಿಲು ಕಿರುಗುಟ್ಟಿತು. ಹಿರ್ಶ್ ಒಳಬಂದು, ಅಜ್ಜನ ಹಿಂದೆ ಪೂರ್ವಕ್ಕೆ ಮುಖಮಾಡಿ ನಿಂತ. ಸೂತಕದ ತಿಂಗಳುಗಳೆಲ್ಲ ಹಾಗೆಯೇ, ಬೆಳಿಗ್ಗೆ ಗಾಡಿ ಹೂಡುವ ಮುಂಚೆ ಬಂದು ನಿಂತು ಹೋದ.

ಕಡೆಯ ಕದ್ದೀಶ್ ಮುಗಿದ ದಿನ ಅಜ್ಜ ಕೇಳಿದ: "ಯಾಕಯ್ಯಾ, ನಿನ್ನ ಜೆರುಸಲೇಮ್ ಜಾಗ ಬದಲಾಯಿಸ್ತಾ?"

"ಅದು ಇದ್ದಲ್ಲೇ ಇದೆ. ನಂಗೆ ಅನ್ನ ಹಾಕಿದ ತಾಯಿಗೋಸ್ಕರ ಬಂದೆ. ಆವತ್ತು ದಿಕ್ಕು ನೋಡ್ತಾರೇನು?"

ಅಜ್ಜ ಮುಂದಿನ ಭಾನುವಾರ ಬಡಗಿಯನ್ನು ಕರೆತಂದು ಕಪಾಟನ್ನು ಪಶ್ಚಿಮದ ಗೋಡೆಗೆ ಸಾಗಿಸಿದ.

ಶುಕ್ರವಾರ ಸಂಜೆ ಹಿರ್ಶ್ ಬಂದು ನೋಡಿ ಬೆರಗಾದ. ತನ್ನ ದಿಕ್ಕಿಗೆ ತಿರುಗಿ ಪುಸ್ತಕ ತೆರೆದರೆ, ಮುಳುಗುವ ಸೂರ್ಯ ಕಿಟಕಿಯಿಂದ ನೇರ ಕಣ್ಣಿಗೇ ಬಿದ್ದ.

"ಝೆಲ್ಮನಣ್ಣಾ, ಒಂದಕ್ಷರನೂ ಕಾಣ್ತಿಲ್ವಲ್ಲೋ!"

"ನೀನೇ ಕೇಳಿದ ದಿಕ್ಕು. ಕಣ್ಮುಚ್ಚಿ ಹೇಳು, ಬಾಯಿಪಾಠ ಬರಲ್ವಾ?"

ಹೆಂಗಸರ ಸಾಲಿನಲ್ಲಿ ಎಲ್ಲರೂ ನಕ್ಕರಂತೆ. ಹಿರ್ಶನೂ.