ಮೋರಿ ಬಾಯಿಯ ಹುಲ್ಲು

"ಏನ್ ತಿನ್ನಿಸ್ದೆ ಹೇಳೇ ಮುಂಡೆ, ನನ್ ಹಸೀಗೆ ಏನ್ ತಿನ್ನಿಸ್ದೆ?"

ಚಿಕ್ಕಬೈರಪ್ಪ ಬಾಯಲ್ಲಿದ್ದ ಪೇಸ್ಟಿನ ನೊರೆಯನ್ನು ನನ್ನ ಕಾಲ ಬಳಿಯೇ ಉಗುಳಿದ. ನಾನು ಕೊಟ್ಟಿಗೆಯ ಗಂಜಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಚುಕ್ಕಿ ಎಂಬ ಹಸು ದಿನ ತುಂಬುವ ಮೊದಲೇ ಹಾಕಿದ್ದ ಕಂದನ್ನು ಗೋಣಿಚೀಲಕ್ಕೆ ತುಂಬುತ್ತಿದ್ದೆ. ಏಳು ತಿಂಗಳಿಗೇ ಬಿದ್ದ ಕರು. ಕೆಳದವಡೆ ಇರಬೇಕಾದ ಕಡೆ ಬರೀ ಚರ್ಮ ಜೋಲುತ್ತಿತ್ತು.

"ಹುಲ್ಲರೀ ಸಾವ್ಕಾರ್ರ. ದಿನಾ ಹಾಕೂದ ಹಾಕೀನ್ರಿ," ಎಂದೆ.

"ದಿನಾ ಹಾಕೋದಾದ್ರೆ ಇಂಗ್ಯಾಕಾಯ್ತದೆ? ಹೊಟ್ಟೆಗ್ ಒದ್ದಿರ್ತೀಯ. ನಿಮ್ ಜನದ ಕೈಗೆ ದನ ಕೊಟ್ಟಿದ್ದು ನನ್ ತಪ್ಪು. ಹಾಲಿನವ್ರು ಬರೋದ್ರೊಳ್ಗೆ ಕೆರೆ ಏರಿ ಮ್ಯಾಲೆ ಊತ್ಬಿಟ್ಟು ಬಾ. ಯಾರ್ ತಾವಾದ್ರೂ ಬಾಯ್ ಬಿಟ್ಯೋ, ರೂಮ್ ಖಾಲಿ."

ಚೀಲದ ಬಾಯಿ ಬಿಗಿದು ಕಟ್ಟಿದೆ. ಬೈಗುಳ ನಿತ್ಯದ್ದು, ನಾನು ಹೆದರಿದ್ದು ಅದಕ್ಕಲ್ಲ. ನನ್ನ ಸೊಸೆ ಸವಿತಾಗೂ ಏಳು ತಿಂಗಳು. ನಾಲ್ಕು ತಿಂಗಳಿಂದ ಅವಳು ಕುಡಿಯುತ್ತಿರುವುದು ಈ ಚುಕ್ಕಿಯ ಹಾಲು.

ಯಾದಗಿರಿ ಕಡೆಯಿಂದ ಬಂದ ನಾವು ಮೂರು ಜನ ಚಿಕ್ಕಬೈರಪ್ಪನ ಕೊಟ್ಟಿಗೆಯ ಹಿಂದಿನ ಶೀಟಿನ ರೂಮಿನಲ್ಲಿದ್ದೇವೆ. ಮಗ ಹನುಮೇಶ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ. ನಾನು ಹನ್ನೆರಡು ಹಸುಗಳ ಸಗಣಿ ಬಾಚಿ, ಕೆರೆಯಿಂದ ಹುಲ್ಲು ಕೊಯ್ದು ಹಾಕುವುದರ ಮೇಲೆ ಆ ರೂಮು ನಿಂತಿದೆ. ಸವಿತಾ ಬಸುರಾದ ಹೊಸತರಲ್ಲಿ ಒಂದು ತುತ್ತೂ ನಿಲ್ಲದೆ ಕಡ್ಡಿಯಾಗಿಬಿಟ್ಟಿದ್ದಳು. ಹೋಗಿ ಸಾವುಕಾರನ ಕಾಲು ಹಿಡಿದೆ. ದಿನಕ್ಕೊಂದು ಲೋಟ ಹಾಲು ಕೊಡಲು ಒಪ್ಪಿದ, ಚುಕ್ಕಿಯದೇ ಆಗಬೇಕೆಂದು ನಾನೇ ಕೇಳಿಕೊಂಡೆ. ಅದರ ಹಾಲು ಗಟ್ಟಿ. ಅಂದಿನಿಂದ ಚುಕ್ಕಿಗೆ ಬೇರೆ ಹೊರೆ ತರತೊಡಗಿದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ.

ಫ್ಯಾಕ್ಟರಿಗಳ ಮೋರಿ ಕೆರೆಗೆ ಬಂದು ಬೀಳುವ ಬಾಯಿಯಲ್ಲಿ, ಬಿರುಬಿಸಿಲಿನಲ್ಲೂ ಹುಲ್ಲು ಎದೆಮಟ್ಟ. ಕಡುಹಸಿರು. ಬೇರೆ ಹೆಂಗಸರು ಅಲ್ಲಿ ಇಳಿಯುತ್ತಿರಲಿಲ್ಲ, ಕಾಲು ಕಡಿತ ಬರುತ್ತದೆ ಎನ್ನುತ್ತಿದ್ದರು. ಸೋಮಾರಿಗಳು ಅಂದುಕೊಂಡೆ. ನಮ್ಮ ಕಡೆ ಚೈತ್ರದಲ್ಲಿ ಒಂದು ಮಾರು ಹಸಿರು ಕಂಡರೆ ಅಲ್ಲೇ ಬಾವಿ ತೋಡುತ್ತಾರೆ. ಹಸಿರಿದ್ದ ಕಡೆ ಒಳ್ಳೆಯದಿರುತ್ತದೆ ಎಂಬುದನ್ನು ಬಿಟ್ಟು ನನಗೆ ಬೇರೆ ಗೊತ್ತಿರಲಿಲ್ಲ. ಮೊಮ್ಮಗುವಿಗೆ ಹಾಲು ಕೊಡುವ ಹಸು ಒಳ್ಳೆಯದನ್ನೇ ತಿನ್ನಲಿ ಎಂದು ಮೊಣಕಾಲ ಚರ್ಮ ಸುಲಿದರೂ ಆ ನೀರಲ್ಲಿ ನಿಂತೆ.

ಮಧ್ಯಾಹ್ನ ದನದ ಡಾಕ್ಟರು ಬಂದರು. ಕೆರೆ ಹುಲ್ಲು ನಿಲ್ಲಿಸಿ ಅಂತ ಹೋದ ಸಲವೇ ಹೇಳಿದ್ದೆನಲ್ಲ ಎಂದು ಕೇಳಿದರು. ಸೂಜಿ ಚುಚ್ಚಕ್ಕೆ ಕರೆದಿದ್ದೀನಿ, ಪಾಠ ಹೇಳಕ್ಕಲ್ಲ ಎಂದು ಚಿಕ್ಕಬೈರಪ್ಪ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದ. ನಾನು ಡಾಕ್ಟರ ಕೈಗೆ ನೀರು ಹೊಯ್ಯುತ್ತಾ, ಮೋರಿ ಬಾಯಿಯ ಹುಲ್ಲು ಅಷ್ಟು ಸೊಂಪಾಗಿರುತ್ತದಲ್ಲ, ಅದು ಕೆಟ್ಟದ್ದು ಹೇಗಾದೀತು ಎಂದು ಕೇಳಿದೆ.

ಅವರು ಸೋಪು ಹಚ್ಚುತ್ತಲೇ ಇದ್ದರು. "ಮೋರಿಗೆ ಸೇರೋ ಕಕ್ಕಸಿನ ನೀರಲ್ಲಿ ಗೊಬ್ಬರ ಇರುತ್ತಮ್ಮ, ಅದಕ್ಕೇ ಸೊಂಪು. ಅದರ ಜೊತೆಗೇ ಫ್ಯಾಕ್ಟರಿದು ಸೀಸ, ಇನ್ನೂ ಏನೇನೋ ಬರುತ್ತೆ. ಹುಲ್ಲು ಎರಡನ್ನೂ ಹೀರುತ್ತೆ, ಬೇರೆ ಮಾಡಲ್ಲ. ಹಸು ದಿನಾ ಒಂದು ಹೊರೆ ತಿನ್ನುತ್ತೆ. ಹೊರೆಯಲ್ಲಿದ್ದಿದ್ದೆಲ್ಲ ಬಂದು ಒಂದು ಮೈಯಲ್ಲಿ ಕೂರುತ್ತೆ."

"ಹಾಲಾಗ ಬರತೈತೇನ್ರಿ?"

"ಬರುತ್ತೆ."

"ಬಸುರಿ ಕುಡದ್ರ?"

ಡಾಕ್ಟರು ನನ್ನ ಮುಖ ನೋಡಿದರು. ಕೈ ಒರೆಸಿಕೊಂಡರು. ಯಾರು ಅಂತ ಕೇಳಲಿಲ್ಲ. ಇವತ್ತೇ ನಿಲ್ಲಿಸಿ, ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ ರಕ್ತ ತೋರಿಸಿ ಎಂದಷ್ಟೇ ಹೇಳಿ ಬೈಕು ಹತ್ತಿದರು.

ಊರಲ್ಲಿ ನಮ್ಮಪ್ಪ ತಿಪ್ಪೆ ಕೆದಕುತ್ತಾ ಹೇಳುತ್ತಿದ್ದ, ಸಗಣಿ ಹೊಲಕ್ಕೆ, ಹೊಲ ಜೋಳಕ್ಕೆ, ಜೋಳ ನಮಗೆ, ಕಣಿಕೆ ಎತ್ತಿಗೆ, ಎತ್ತಿಂದ ಮತ್ತೆ ಸಗಣಿ, ಏನೂ ಹೊರಗೆ ಹೋಗುವುದಿಲ್ಲ ಅಂತ. ಆಗ ಅದನ್ನು ಕೇಳಿದರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತು. ಆ ಮಧ್ಯಾಹ್ನ ನಲ್ಲಿಯ ಹತ್ತಿರ ಅದೇ ಮಾತು ನೆನಪಾಯಿತು. ಏನೂ ಹೊರಗೆ ಹೋಗುವುದಿಲ್ಲ.

ಸಂಜೆಯ ಲೋಟವನ್ನು ಬಚ್ಚಲಿಗೆ ಚೆಲ್ಲಿದೆ. ಸವಿತಾ ನೋಡಿಬಿಟ್ಟಳು. ನೊಣ ಬಿದ್ದಿತ್ತು ಎಂದು ಸುಳ್ಳು ಹೇಳಿದೆ. ಅವಳು ನಗುತ್ತಾ ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ನೋಡ್ ಅತ್ತಿ, ಹಾಲಿನ ಹೊತ್ತಿಗಿ ಹ್ಯಾಂಗ ಒದೀತೈತಿ. ಖರೇ ಹೊಟ್ಟಿಬಾಕ."

ಅಂಗೈ ಕೆಳಗೆ ಮಗು ಹೊರಳಿತು. ಯಾವುದು ಹೊರಳಿತು, ಮೊಣಕೈಯೋ ತಲೆಯೋ. ಅದಕ್ಕೆ ದವಡೆ ಇದೆಯೋ. ಕೈ ಹಿಂದಕ್ಕೆ ಎಳೆದುಕೊಂಡೆ.

ಒಲೆ ಹಚ್ಚದೆ ಸಾವುಕಾರನ ಮನೆಗೆ ನಡೆದೆ. ಅದು ಕೊಟ್ಟಿಗೆಯಿಂದ ಎರಡು ಬೀದಿ ಆಚೆ. ಮುಂದಿನ ಗೇಟು ನಮ್ಮಂಥವರಿಗಲ್ಲ. ಗೇಟಿನಾಚೆ ನಿಂತು ಕೂಗಿ ಮಾತಾಡಿದ್ದೆನೇ ಹೊರತು ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. ಆ ಸಂಜೆ ಎಷ್ಟು ಕೂಗಿದರೂ ಯಾರೂ ಬರದಿದ್ದಾಗ ಪಕ್ಕದ ಸಂದಿಯಿಂದ ಹಿಂದಕ್ಕೆ ಹೋದೆ. ಅಲ್ಲಿ ಫ್ಯಾನಿನ ಕೆಳಗೆ, ತೊಳೆದ ಸಿಮೆಂಟಿನ ಮೇಲೆ ಒಂದು ಕಂದು ಬಣ್ಣದ ಹಸು ನಿಂತಿತ್ತು. ಮುಂದೆ ಹಿಂಡಿ, ಬೂಸಾ, ಬೋರಿನ ನೀರಲ್ಲಿ ಬೆಳೆದ ಸೀಮೆಹುಲ್ಲು. ಸಾವುಕಾರನ ಹೆಂಡತಿ ಪಿಳ್ಳಮ್ಮ ಕೆಚ್ಚಲು ತೊಳೆಯುತ್ತಿದ್ದಳು.

ಇದು ಯಾರ ಹಸು ಎಂದು ಕೇಳಿದೆ.

"ಅಲ್ಲೇ ನಿಂತ್ಕಳೇ, ಒಳಿಕ್ ಬರ್‌ಬ್ಯಾಡ. ಇದು ಮನೆ ಹಸ. ನಮ್ ದೀಪು ಚೊಚ್ಚಲ ಹೆರಿಗೆಗ್ ಬಂದವ್ಳೆ, ಅವ್ಳಿಗೆ ಆ ಕೆರೆ ಹಾಲು ಕೊಡಕಾಯ್ತದಾ?"

ಅವಳಿಗೆ ಅದು ಮುಚ್ಚಿಡುವ ಮಾತೇ ಆಗಿರಲಿಲ್ಲ. ಎಂದಿನಿಂದ ಹೀಗೆ ಅಂದೆ. ಎರಡು ವರ್ಷದ ಹಿಂದೆ ಕೊಟ್ಟಿಗೆಯಲ್ಲಿ ಮೊದಲ ಕಂದು ಬಿದ್ದಾಗಿನಿಂದ ಎಂದಳು. ಚುಕ್ಕಿಯದು ಮೂರನೆಯದಂತೆ.

ಹಾಗಾದರೆ ಬೆಳಗ್ಗೆ ನನಗೆ ಬೈಯುವಾಗಲೂ ಅವನಿಗೆ ಗೊತ್ತಿತ್ತು. ನಾನು ಕಾಲು ಹಿಡಿದಾಗಲೂ ಗೊತ್ತಿತ್ತು.

ಆದರೂ, ಸವಿತಾಗೆ ಈ ಹಸುವಿನದು ಒಂದು ಲೋಟ ಕೊಡಿ ಎಂದು ಕೇಳಿದೆ. ಅಷ್ಟರಲ್ಲಿ ಚಿಕ್ಕಬೈರಪ್ಪ ಹಿಂಬಾಗಿಲಿಗೆ ಬಂದಿದ್ದ.

"ಏನಂದೆ? ನನ್ ಮಗ್ಳು ಕುಡಿಯೋದ್ನ ನಿನ್ ಸೊಸೆ ಕುಡೀಬೇಕಾ? ಇವತ್ತು ಹಾಲು ಅಂತೀಯ, ನಾಳೆ ಒಳಿಕ್ ಬಂದು ಮಂಚದ ಮ್ಯಾಲೆ ಕೂರ್ತೀಯ. ನಿಮ್ಗೆ ಯಾವ ವಿಷ ತಟ್ತದೆಯೇ ಲೌಡಿ, ಸತ್ ದನ ತಿಂದ್ ಬೆಳ್ದೋರು. ನಡಿ ಆಚೆ."

ರಾತ್ರಿ ಎಲ್ಲವನ್ನೂ ಹನುಮೇಶನಿಗೆ ಹೇಳಿದೆ. ನಾಳೆಯೇ ಸವಿತಾಳನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ ಎಂದ. ಆಮೇಲೆ ತಟ್ಟೆ ಸರಿಸಿ, ಖೋಲಿ ಬಿಟ್ಟರೆ ಈ ಹೊಟ್ಟೆ ಹೊತ್ತುಕೊಂಡು ಅವಳು ಎಲ್ಲಿ ಮಲಗಬೇಕು ಎಂದು ಕೇಳಿದ.

ಬೆಳಕು ಹರಿದ ಮೇಲೆ ಅವರಿಬ್ಬರೂ ಬಸ್ಸು ಹಿಡಿಯಲು ಹೊಸೂರು ರೋಡಿಗೆ ಹೋದರು. ನಾನು ಕುಡುಗೋಲು ತೆಗೆದುಕೊಂಡು ಮೋರಿ ಬಾಯಿಗೆ ಇಳಿದೆ. ಎಂದಿನಂತೆಯೇ ಕೊಯ್ದೆ. ಹೊರೆ ಹೊತ್ತವಳು ಕೊಟ್ಟಿಗೆಗೆ ತಿರುಗಲಿಲ್ಲ.

ಆ ಹೊತ್ತಿಗೆ ಚಿಕ್ಕಬೈರಪ್ಪ ಮನೆಯ ಗೇಟಿನ ಬಳಿ ಕ್ಯಾನು ಇಟ್ಟುಕೊಂಡು ಹಾಲು ಅಳೆಯುತ್ತಾನೆ. ಅಪಾರ್ಟ್‌ಮೆಂಟಿನವರು ಸ್ಟೀಲಿನ ಡಬ್ಬಿ ಹಿಡಿದು ನಿಂತಿರುತ್ತಾರೆ. ಪ್ಯಾಕೆಟ್ಟಿಗಿಂತ ಇದು ಶುದ್ಧ ಎಂದು ನಂಬಿದವರು. ಅವತ್ತು ಐದಾರು ಜನ ಇದ್ದರು. ಹೊರೆಯ ಕಪ್ಪು ನೀರು ಕತ್ತಿನಿಂದ ಬೆನ್ನಿಗೆ ಇಳಿಯುತ್ತಿತ್ತು. ಅವರ ನಡುವೆಯೇ ಹಾದು ಮುಂದಿನ ಗೇಟು ದಾಟಿದೆ. ಹಾಲು ಕರೆಯಲೆಂದು ಮನೆ ಹಸುವನ್ನು ಅಂಗಳದ ಬಿಸಿಲಿಗೆ ಕಟ್ಟಿದ್ದರು. ಅದರ ಮುಂದೆ ಹೊರೆ ಇಳಿಸಿ ಬಿಚ್ಚಿದೆ. ಹಸು ಮೂಸಿತು, ನಾಲಗೆ ಚಾಚಿ ಒಂದು ಹಿಡಿ ಎಳೆದುಕೊಂಡಿತು.

"ಏಯ್, ಅದುಕ್ ಆಕ್‌ಬ್ಯಾಡ್ವೇ ಅದ್ನ!"

ಅವನು ಅಳತೆಪಾತ್ರೆ ಬಿಸಾಕಿ ಓಡಿಬಂದ. ನನ್ನನ್ನು ನೂಕಿದ ರಭಸಕ್ಕೆ ಗೋಡೆಗೆ ಬಡಿದೆ. ಹಸುವಿನ ಕೊಂಬು ಹಿಡಿದು, ದವಡೆ ಅಗಲಿಸಿ, ಮೊಣಕೈವರೆಗೆ ಕೈ ಹಾಕಿ ಹುಲ್ಲು ಕೀಳತೊಡಗಿದ. ಅಂಗಿ ತೋಳಿಂದ ಜೊಲ್ಲು ಸುರಿಯುತ್ತಿತ್ತು. ಅವನ ಮಗಳು ದೀಪಶ್ರೀ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬಾಗಿಲಿಗೆ ಬಂದು ನಿಂತಳು.

ಗೇಟಿನ ಬಳಿ ಕನ್ನಡಕದ ಹೆಂಗಸೊಬ್ಬಳು ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದಳು. "ಯಾಕೆ ಹಾಕ್ಬಾರ್ದು? ಮಿಕ್ಕ ಹಸುಗಳಿಗೆ ಏನು ಹಾಕ್ತೀರಿ?"

ಚಿಕ್ಕಬೈರಪ್ಪ ತಿರುಗಲಿಲ್ಲ. ಹಸುವಿನ ಬಾಯಲ್ಲಿ ಅವನ ಕೈ ಇನ್ನೂ ತಡಕಾಡುತ್ತಿತ್ತು.

ನಾನು ಗೋಡೆ ಹಿಡಿದು ಎದ್ದೆ. ಹೊರೆಯಿಂದ ಇನ್ನೊಂದು ಹಿಡಿ ಎತ್ತಿಕೊಂಡು ಗೇಟಿನಲ್ಲಿದ್ದವರ ಕಡೆ ತಿರುಗಿದೆ.